ಬೆಂಗಾವಲು ನೌಕೆಗಳು ಮತ್ತು ಸೋನಾಬಾಯಿಯ ಕಬ್ಬು

ಒಂದನೇ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸ್ ದೇಶವು ಸಾಮಾನು ಹಡಗುಗಳ ಬೆಂಗಾವಲಿಗೆಂದು ಕಟ್ಟಿಸತೊಡಗಿದ ಸಣ್ಣ ಯುದ್ಧನೌಕೆಗಳಲ್ಲಿ ಬಹಳಷ್ಟು ನೌಕೆಗಳು ಯುದ್ಧ ಮುಗಿದ ಮೇಲೆ ತಯಾರಾದವು ಎಂಬುದು ಇತಿಹಾಸ ಓದಿದವರಿಗೆಲ್ಲ ತಿಳಿದ ಸಂಗತಿ. ಇದೇ ಕಾರಣಕ್ಕಾಗಿ ನಿಪ್ಪಾಣಿ ತಾಲೂಕಿನ ಅಕ್ಕೋಳದಲ್ಲಿ ಸೋನಾಬಾಯಿಯವರ ಕಬ್ಬು ಹೊಲದಲ್ಲೇ ನಿಂತಿತು ಎಂಬುದು ಮಾತ್ರ ಅಷ್ಟಾಗಿ ಯಾರಿಗೂ ಗೊತ್ತಿಲ್ಲ. ಗೊತ್ತಿದ್ದವರು ಅದನ್ನು ದೊಡ್ಡ ವಿಷಯವೆಂದು ತಿಳಿದಿಲ್ಲ.

ಸೋನಾಬಾಯಿಯವರ ಅಳಿಯ ದುಂಡೇಶ ರಾಯಬಾಗದ ಹತ್ತಿರದ ಗಡಿಸೀಮಾ ಸಹಕಾರಿ ಸಕ್ಕರೆ ಕಾರ್ಖಾನೆಯಲ್ಲಿ ಫೀಲ್ಡ್‌ಮನ್ ಆಗಿದ್ದ. ಯಾರ ಕಬ್ಬು ಯಾವ ದಿನ ಕಟಾವು ಆಗಬೇಕು ಎಂದು ಹೊಲಕ್ಕೆ ಬಂದು ಹೇಳುವವನೇ ಫೀಲ್ಡ್‌ಮನ್. ನಮ್ಮ ಕಡೆ ಇಂಥವನು ಅಂಗಳಕ್ಕೆ ಕಾಲಿಟ್ಟರೆ ಮನೆಯ ಹಿರಿಯರು ಎದ್ದು ಕುರ್ಚಿ ಬಿಟ್ಟುಕೊಡುತ್ತಾರೆ, ನೀರಿಗಿಂತ ಮೊದಲು ಚಹಾ ಬರುತ್ತದೆ. ದುಂಡೇಶ ಮಾತ್ರ ಆ ಕುರ್ಚಿಯಲ್ಲಿ ತುದಿಗೇ ಕೂಡುವ ಸ್ವಭಾವದವನು. ಒಳ್ಳೆಯ ಮನುಷ್ಯ. ಮೇಲಿನವರು ಹೇಳಿದ್ದಕ್ಕೆ ‘ಆಯ್ತ್ರೀ’ ಅನ್ನುವುದು, ಕೆಳಗಿನವರು ಕೇಳಿದ್ದಕ್ಕೆ ‘ಮಾಡೂನ್ರೀ’ ಅನ್ನುವುದು, ಇವೆರಡರ ನಡುವೆ ಅವನ ಅರ್ಧ ಆಯುಷ್ಯ ಕಳೆದಿತ್ತು.

ಕಾರ್ಖಾನೆಯ ಚೇರಮನ್ ಕಾಕಾಸಾಹೇಬರು ಆ ವರ್ಷ ಆಡಳಿತ ಮಂಡಳಿಯನ್ನು ಕರೆದುಕೊಂಡು ಫ್ರಾನ್ಸಿಗೆ ಅಭ್ಯಾಸ ಪ್ರವಾಸ ಹೋಗಿಬಂದಿದ್ದರು. ಆರಿಸಿಬಂದ ಮಂಡಳಿಯು ಅವಧಿಯಲ್ಲಿ ಒಮ್ಮೆಯಾದರೂ ಪರದೇಶಕ್ಕೆ ಹೋಗಿಬರಬೇಕು ಎಂದು ಕಾರ್ಖಾನೆಯ ಬೈಲಾದಲ್ಲಿ ಎಲ್ಲಿಯೂ ಬರೆದಿಲ್ಲ. ಆದರೆ ಬೈಲಾದಲ್ಲಿ ಬರೆದ ನಿಯಮಗಳನ್ನು ಮೀರಿದ ಮಂಡಳಿಗಳು ಬಹಳ ಆಗಿವೆ, ಈ ನಿಯಮವನ್ನು ಮೀರಿದ್ದು ಒಂದೂ ಇಲ್ಲ. ಫ್ರಾನ್ಸಿನಲ್ಲಿ ಬೀಟಿನ ಗಡ್ಡೆಯಿಂದ ಸಕ್ಕರೆ ತೆಗೆಯುತ್ತಾರಂತೆ, ಅದನ್ನು ನೋಡಿಬರುವುದು ಪ್ರವಾಸದ ಉದ್ದೇಶ. ಇವರು ಹೋದಾಗ ಹೊಲದಲ್ಲಿ ಬೀಟ್ ಇರಲಿಲ್ಲ. ಮಳೆ ಇತ್ತು. ಕರೆದುಕೊಂಡು ಹೋದ ಗೈಡ್ ಇವರನ್ನೆಲ್ಲ ಒಂದು ಬಂದರಿನ ಊರಲ್ಲಿ ಹಡಗುಗಳ ಸಂಗ್ರಹಾಲಯದೊಳಗೆ ಬಿಟ್ಟು ತಾನು ಎಲ್ಲಿಯೋ ಹೋದ. ಮಳೆ ಸಂಜೆಯವರೆಗೂ ನಿಲ್ಲಲಿಲ್ಲ. ಹೀಗಾಗಿ ಬೆಂಗಾವಲು ಯುದ್ಧನೌಕೆಗಳ ಬಗ್ಗೆ ಮಂಡಳಿಯ ಅಭ್ಯಾಸ ತುಂಬ ಆಳವಾಗಿ ಆಯಿತು.

ವಾರ್ಷಿಕ ಸರ್ವಸಾಧಾರಣ ಸಭೆಯಲ್ಲಿ ಶೇರುದಾರರು ‘ಏನ್ ಕಲ್ತು ಬಂದ್ರಿ?’ ಎಂದು ಕೇಳುವುದು ಖಚಿತವಿತ್ತು. ಬೀಟ್ ಒಂದು ಗಡ್ಡೆ ಎಂಬುದಕ್ಕಿಂತ ಹೆಚ್ಚಿನದನ್ನು ಕಾಕಾಸಾಹೇಬರು ಹೇಳುವಂತಿರಲಿಲ್ಲ. ಆದ್ದರಿಂದ ಅವರು ಹಡಗಿನ ಬಗ್ಗೆ ಹೇಳಿದರು.

“ಬಂಧುಗಳೇ, ಯುದ್ಧದಾಗ ಸಾಮಾನಿನ ಹಡಗ ಒಂಟಿ ಹೋದ್ರ ನೀರಾಗಿಂದ ಜಲಾಂತರ್ಗಾಮಿ ಬಂದು ಹೊಡದು ಮುಳುಗಸ್ತಿತ್ತು. ಫ್ರಾನ್ಸಿನವ್ರು ಶಾಣ್ಯಾರು. ಹಡಗ ಎಲ್ಲಾ ಗುಂಪು ಮಾಡಿ, ಜೋಡಿ ಯುದ್ಧದ ಹಡಗ ಕಳಸಿದ್ರು. ನಾವು ಏನ್ ಮಾಡಾಕತ್ತೇವಿ? ನಮ್ಮ ಕಬ್ಬಿನ ಟ್ರ್ಯಾಕ್ಟರ್ ಹೆಂಗ ಹೊಂಟಾವ? ಒಂಟಿ ಹೊಂಟಾವ!”

ಪೆಂಡಾಲಿನಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಟ್ರ್ಯಾಕ್ಟರ್ ಒಂಟಿಯಾಗಿ ಹೋಗುವುದನ್ನು ಎಲ್ಲರೂ ನೋಡಿದ್ದರು, ಆದರೆ ಅದಕ್ಕೆ ಅಷ್ಟು ಗಂಡಾಂತರವಿದೆ ಎಂದು ಯಾರಿಗೂ ಹೊಳೆದಿರಲಿಲ್ಲ. ಗಂಡಾಂತರ ಎರಡು ಬಗೆಯದೆಂದು ಚೇರಮನ್ನರು ಬಿಡಿಸಿ ಹೇಳಿದರು. ರಸ್ತೆಯ ಉಬ್ಬಿನಲ್ಲಿ ಗಾಡಿ ನಿಧಾನವಾದಾಗ ದಾರಿಯವರು ಹಿಂದಿನಿಂದ ಕಬ್ಬು ಎಳೆದುಕೊಳ್ಳುತ್ತಾರೆ, ಇದು ಒಂದು. ಗಡಿಯಾಚೆ ಮಹಾರಾಷ್ಟ್ರದ ಕಾರ್ಖಾನೆಗಳು ದರ ತುಸು ಹೆಚ್ಚು ಕೊಡುತ್ತವೆಂದು ತುಂಬಿದ ಗಾಡಿಯೇ ಅತ್ತ ಹೊರಳಿಕೊಳ್ಳುತ್ತದೆ, ಇದು ಇನ್ನೊಂದು. ಎರಡನೆಯದಕ್ಕೆ ನಾವೇ ದರ ಹೆಚ್ಚಿಸಿದರೆ ಹೇಗೆ ಎಂದು ಐಗಳಿಯ ಶೇರುದಾರ ಲಗಮಣ್ಣ ಎದ್ದು ಕೇಳಿದ. ಅದು ಅಭ್ಯಾಸ ಪ್ರವಾಸದ ವ್ಯಾಪ್ತಿಗೆ ಬರುವುದಿಲ್ಲವೆಂದು ತಿಳಿಸಲಾಯಿತು. ಕಬ್ಬಿನ ಗಾಡಿಗಳಿಗೆ ಬೆಂಗಾವಲು ಕೊಡಬೇಕೆಂದು ಚಪ್ಪಾಳೆಯೊಂದಿಗೆ ಠರಾವು ಪಾಸಾಯಿತು, ಪೇಢೆ ಹಂಚಿದರು.

ಗಡಿಗೆ ಹತ್ತಿಕೊಂಡಿದೆ ಎಂಬ ಕಾರಣಕ್ಕೆ ಅಕ್ಕೋಳ ವಿಭಾಗವನ್ನು ಪ್ರಾಯೋಗಿಕ ಬೆಂಗಾವಲು ವಲಯವೆಂದು ಘೋಷಿಸಿ ಸುತ್ತೋಲೆ ಹೊರಟಿತು. “ಸದರಿ ವಲಯದಲ್ಲಿ ಬೆಂಗಾವಲು ಇಲ್ಲದೆ ಕಬ್ಬು ಸಾಗಿಸತಕ್ಕದ್ದಲ್ಲ. ಬೆಂಗಾವಲು ಸಿದ್ಧವಾಗುವವರೆಗೆ ಕಬ್ಬು ಕಡಿಯತಕ್ಕದ್ದಲ್ಲ, ಕಡಿದ ಕಬ್ಬು ಒಣಗುವುದರಿಂದ. ಜಲಾಂತರ್ಗಾಮಿ ಎಂದರೆ ರಸ್ತೆಯ ಬದಿಯಿಂದ ಮುನ್ಸೂಚನೆಯಿಲ್ಲದೆ ಮೇಲೆದ್ದು ಕಬ್ಬು ಎಳೆಯುವ ಯಾವುದೇ ಜೀವಿ; ಇದರಲ್ಲಿ ಆಡು, ಎಮ್ಮೆ ಹಾಗೂ ಶಾಲಾ ಸಮವಸ್ತ್ರದಲ್ಲಿರುವವರೂ ಸೇರುತ್ತಾರೆ” ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು.

ಮುಖ್ಯ ಕಬ್ಬು ಅಧಿಕಾರಿ ಸಿದ್ದಲಿಂಗ ಅವರು ದುಂಡೇಶನನ್ನು ಕರೆದು ಬೆಂಗಾವಲು ವಿಭಾಗದ ಪ್ರಭಾರ ವಹಿಸಿಕೊಟ್ಟರು. ಮದುವೆಯಾದ ಹೊಸದರಲ್ಲಿ ದುಂಡೇಶ ಹೆಂಡತಿ ಉಜ್ವಲಾಳನ್ನು ಗೋವಾಕ್ಕೆ ಕರೆದುಕೊಂಡು ಹೋಗಿ ದೋಣಿ ಹತ್ತಿದ್ದ. ಸಮುದ್ರದ ಅನುಭವವಿದ್ದ ನೌಕರ ಇಡೀ ಕಾರ್ಖಾನೆಯಲ್ಲಿ ಅವನೊಬ್ಬನೇ. ದೋಣಿಯಲ್ಲಿ ಅವನು ವಾಂತಿ ಮಾಡಿಕೊಂಡಿದ್ದೂ, ಉಜ್ವಲಾ ನಗುತ್ತ ಅವನ ಬೆನ್ನು ಸವರಿದ್ದೂ ಸೇವಾ ಪುಸ್ತಕದಲ್ಲಿ ನಮೂದಾಗಿರಲಿಲ್ಲ.

ದುಂಡೇಶನಿಗೆ ಒಳಗೊಳಗೇ ಖುಷಿಯಾಯಿತು. ದೀಪಾವಳಿಗೆ ಅತ್ತೆಯ ಮನೆಯಲ್ಲಿ ಕರಚಿಕಾಯಿ ತಿನ್ನುತ್ತ, “ಅತ್ತಿ, ಮೊದಲ ಬೆಂಗಾವಲು ನಿಮ್ಮ ಕಬ್ಬಿಗೇ ರೀ. ಇದು ನನ್ನ ಮಾತು” ಅಂದುಬಿಟ್ಟ. ಸೋನಾಬಾಯಿ ಮಗಳ ಕಡೆ ನೋಡಿದರು. ಉಜ್ವಲಾ, “ಇವ್ರು ಮಾತ ಕೊಟ್ರ ತಪ್ಪಾಂಗಿಲ್ಲವ್ವಾ” ಎಂದು ಜಾಮೀನು ನಿಂತಳು. ಗಡಿಯಾಚೆಯ ಕಾರ್ಖಾನೆಯವರು ಕಬ್ಬು ಕಡಿಯುವ ಟೋಳಿ ಕರೆದುಕೊಂಡು ಹೊಲದ ಬದುವಿಗೇ ಬಂದು, ನಾಳೆಯೇ ಕಡಿದು ಒಯ್ಯುತ್ತೇವೆ ಅಂದಾಗ ಸೋನಾಬಾಯಿ ಅವರನ್ನು ತಿರುಗಿ ಕಳಿಸಿದ್ದು ಈ ಮಾತಿನ ಮೇಲೆಯೇ.

ಆದರೆ ಬೆಂಗಾವಲು ಅಂದರೆ ಹೊಲದಲ್ಲಿ ಬೆಳೆಯುವ ವಸ್ತುವಲ್ಲ. ಹೊಸ ಜೀಪುಗಳಿಗೆ ಯುದ್ಧನೌಕೆಯ ಮಾದರಿಯಲ್ಲಿ ಬಾಡಿ ಕಟ್ಟುವ ಕೆಲಸವನ್ನು ಸ್ಪರ್ಧಾತ್ಮಕ ಟೆಂಡರ್ ಮೂಲಕ ಚೇರಮನ್ನರ ಹೆಂಡತಿಯ ತಮ್ಮನ ಗ್ಯಾರೇಜಿಗೆ ಕೊಡಲಾಯಿತು. ಸ್ಪರ್ಧೆಯಲ್ಲಿ ಅವರೊಬ್ಬರೇ ಇದ್ದುದರಿಂದ ಪೈಪೋಟಿ ಬಿರುಸಾಗಿಯೇ ಇತ್ತು ಎಂದು ಸಭೆಯ ನಡಾವಳಿಯಲ್ಲಿ ದಾಖಲಾಗಿದೆ. ಅಷ್ಟರೊಳಗೆ ಕಾರ್ಖಾನೆಯ ಹಳೆಯ ಜೀಪಿನ ಮೇಲೆ ಪ್ರಯೋಗ ನಡೆಯಲಿ ಎಂದು ಆದೇಶವಾಯಿತು.

ಯುದ್ಧಕಾಲದಲ್ಲಿ ಹಡಗುಗಳಿಗೆ ಅಡ್ಡಾದಿಡ್ಡಿ ಪಟ್ಟೆ ಬಳಿಯುತ್ತಿದ್ದರಂತೆ. ಅದು ಯಾವ ಕಡೆ ಹೊರಟಿದೆ ಎಂಬುದು ಶತ್ರುವಿಗೆ ತಿಳಿಯಬಾರದು. ಟ್ರ್ಯಾಲಿಗಳ ಮೇಲೆ ನವಿಲು, ಕಮಲ ಬರೆಯುವ ನಿಪ್ಪಾಣಿಯ ಪೇಂಟರ್ ಒಬ್ಬನಿಗೆ ಚೇರಮನ್ನರ ಮೊಬೈಲಿನ ಫೋಟೊ ತೋರಿಸಲಾಯಿತು. “ಸಾಹೇಬ್ರ, ಇದರಾಗ ಮಾರಿ ಯಾವುದು, ಬೆನ್ನು ಯಾವುದು?” ಎಂದು ಅವನು ಕೇಳಿದ. ಅದೇ ಮುಖ್ಯವಾದ ಅಂಶವೆಂದು ದುಂಡೇಶ ವಿವರಿಸಿದ. ಪೇಂಟರ್ ಕೆಲಸವನ್ನು ಎಷ್ಟು ಮನಸ್ಸಿಟ್ಟು ಮಾಡಿದನೆಂದರೆ, ಮರುದಿನ ಡ್ರೈವರ್ ಸಂಭಾಜಿ ಹಿಂಬದಿಯ ಬಾಗಿಲು ತೆಗೆದು ಸ್ಟೇರಿಂಗ್ ಹುಡುಕಿದ.

ಜಲಾಂತರ್ಗಾಮಿಗಳಿಂದ ಪಾರಾಗಲು ಹಡಗುಗಳು ನೆಟ್ಟಗೆ ಹೋಗದೆ ಹಾವಿನಂತೆ ಹೊರಳುತ್ತ ಹೋಗುತ್ತಿದ್ದವು ಎಂಬುದೂ ಅಭ್ಯಾಸದಿಂದ ತಿಳಿದುಬಂದಿತ್ತು. ಹಾಗೆಯೇ ಓಡಿಸಬೇಕೆಂದು ಸಂಭಾಜಿಗೆ ಹೇಳಿದಾಗ ಅವನು ತಲೆ ಕೆರೆದುಕೊಂಡ.

“ಅಲ್ರೀ ದುಂಡೇಶಣ್ಣಾ, ಹಿಂಗ ಸೆರೆ ಕುಡದವ್ರು ಹೊಡೀತಾರ. ಪೋಲೀಸ್ರು ಹಿಡದ್ರ?”

“ಸುತ್ತೋಲಿ ತೋರಿಸು.”

ಚಿಕ್ಕೋಡಿಯ ರಸ್ತೆಯಲ್ಲಿ ಪೋಲೀಸರು ಹಿಡಿದೇಬಿಟ್ಟರು. ಬಾಯಿ ಮೂಸಿ ನೋಡಿದರೆ ವಾಸನೆ ಇಲ್ಲ. ಕುಡಿದು ಹೀಗೆ ಓಡಿಸುವವನನ್ನು ಎಚ್ಚರಿಕೆ ಕೊಟ್ಟು ಬಿಡಬಹುದು, ಕುಡಿಯದೆ ಹೀಗೆ ಓಡಿಸುವವನನ್ನು ಬಿಡುವುದು ಸಮಾಜಕ್ಕೆ ಅಪಾಯ ಎಂದು ಅವರು ಜೀಪನ್ನು ಠಾಣೆಯ ಮುಂದೆ ನಿಲ್ಲಿಸಿಕೊಂಡರು. ಚೇರಮನ್ನರು ಫೋನ್ ಮಾಡಿದ ಮೇಲೆ ಬಿಟ್ಟರು. ‘ಪ್ರಯೋಗದ ಮೊದಲ ಹಂತ ಸಮಾಧಾನಕರ, ವಾಹನವು ಎತ್ತ ಹೊರಟಿದೆ ಎಂಬುದು ಪೋಲೀಸ್ ಇಲಾಖೆಗೂ ತಿಳಿಯಲಿಲ್ಲ’ ಎಂದು ದುಂಡೇಶ ವರದಿ ಬರೆದ.

ಎರಡನೆಯ ಹಂತ ವೇಷದ್ದು. ಕೆಲವು ಬೆಂಗಾವಲು ನೌಕೆಗಳು ದೂರದಿಂದ ನೋಡಿದರೆ ಬಡ ಸಾಮಾನು ಹಡಗಿನಂತೆ ಕಾಣುವ ಹಾಗೆ ಕಟ್ಟಿದ್ದವಂತೆ. ಆದ್ದರಿಂದ ಜೀಪು ಕಬ್ಬಿನ ಗಾಡಿಯಂತೆ ಕಾಣಬೇಕೆಂದು ಅದರ ಮೇಲೆ ಕಬ್ಬು ಹೇರಿದರು. ರಾಯಬಾಗದ ಹೈಸ್ಕೂಲಿನ ಮುಂದಿನ ರಸ್ತೆಯುಬ್ಬು ದಾಟುವುದರೊಳಗೆ ಜೀಪಿನ ಮೇಲೆ ಒಂದು ಜಲ್ಲೆಯೂ ಉಳಿಯಲಿಲ್ಲ. ಸಂಭಾಜಿಯ ಟವೆಲ್ಲೂ ಹೋಯಿತು. ‘ವೇಷ ಸಂಪೂರ್ಣ ಯಶಸ್ವಿ. ಶತ್ರುವು ಬೆಂಗಾವಲನ್ನೇ ಕಬ್ಬೆಂದು ನಂಬಿದನು’ ಎಂದು ವರದಿ ಹೋಯಿತು. ಸಿದ್ದಲಿಂಗ ಅವರು ಅದನ್ನು ಓದಿ, ಹಾಗಾದರೆ ಬೆಂಗಾವಲಿಗೂ ಒಂದು ಬೆಂಗಾವಲು ಬೇಕಾಗುತ್ತದೆ ಎಂದು ಟಿಪ್ಪಣಿ ಹಾಕಿದರು. ಗ್ಯಾರೇಜಿನ ಆರ್ಡರ್ ಎರಡು ಪಟ್ಟಾಯಿತು, ಅದರಿಂದಾಗಿ ತಯಾರಿಯ ಸಮಯವೂ ಎರಡು ಪಟ್ಟಾಯಿತು.

ಹೀಗೆ ವಿಜ್ಞಾನ ಮುಂದೆ ಸಾಗುತ್ತಿರುವಾಗ ಸಂಕ್ರಾಂತಿ ಬಂತು. ಉಜ್ವಲಾ ಎಳ್ಳು ಬೆಲ್ಲ ಕೊಟ್ಟು ಬರುತ್ತೇನೆಂದು ಅಕ್ಕೋಳಕ್ಕೆ ಹೋದವಳು ತಿರುಗಿ ಬರಲಿಲ್ಲ. ದುಂಡೇಶ ಫೋನ್ ಮಾಡಿದ.

“ಯಾವಾಗ ಬರ್ತೀ?”

“ಅವ್ವನ ಕಬ್ಬು ಕಾರ್ಖಾನಿ ಮುಟ್ಟಿದ ದಿನಾ ನಾನೂ ಮನಿ ಮುಟ್ತೀನ್ರಿ. ಜಾಮೀನ ನಿಂತಾಕಿ ನಾನು. ಅವ್ವನ ಮುಂದ ಕೂತು ಉಣ್ಣಾಕ ನನಗ ನಾಚಿಕಿ ಬರತೈತಿ, ನಿಮಗ ಬರಾಂಗಿಲ್ಲೇನು?”

ದುಂಡೇಶನಿಗೆ ನಾಚಿಕೆಯೇನೋ ಬಂತು. ಆದರೆ ನಾಚಿಕೆಯಿಂದ ಕಬ್ಬು ಕಡಿಯಲು ಸುತ್ತೋಲೆಯಲ್ಲಿ ಅವಕಾಶವಿರಲಿಲ್ಲ. ರಾಯಬಾಗದ ಮನೆ ಅವನಿಗೆ ಬೇಡಬೇಡವಾಯಿತು. ಬೆಳಿಗ್ಗೆ ಏಳುವುದೇ ಬೇಸರ, ಸಂಜೆ ಬೀಗ ತೆಗೆಯುವುದು ಅದಕ್ಕಿಂತ ಬೇಸರ. ಖಾನಾವಳಿಯ ರೊಟ್ಟಿ ತಂದು, ತಾನೇ ಪಲ್ಯ ಬೇಯಿಸಿಕೊಂಡು ಒಬ್ಬನೇ ಉಣ್ಣುತ್ತಿದ್ದ. ಅವಳಿಲ್ಲದೆ ತಾನು ಇಷ್ಟು ನಿರುಪಯೋಗಿ ಎಂಬುದು ಅವನಿಗೆ ಹೊಸ ಸಮಾಚಾರವಾಗಿತ್ತು.

ಶಿವರಾತ್ರಿಯ ಹೊತ್ತಿಗೆ ತಡೆಯಲಾರದೆ ಅಕ್ಕೋಳಕ್ಕೆ ಹೋದ. ಸೋನಾಬಾಯಿ ಮರ್ಯಾದೆಗೆ ಕಡಿಮೆ ಮಾಡಲಿಲ್ಲ, ಕುರ್ಚಿ ಹಾಕಿಸಿದರು, ಚಹಾ ಕೊಟ್ಟರು. ಒಂದು ಗುಟುಕು ಕುಡಿದು ದುಂಡೇಶ ಕಪ್ಪಿನೊಳಗೆ ನೋಡಿದ.

“ಸಕ್ರಿ ಹಾಕಿಲ್ರೀ ಅಳ್ಯಾರ,” ಅಂದರು ಸೋನಾಬಾಯಿ. “ಡಬ್ಬಿ ಗ್ವಾಡಿ ಮಾಡದಾಗ ಐತಿ. ಒಲಿತನಕಾ ತರಬೇಕಂದ್ರ ಬೆಂಗಾವಲಿಲ್ಲ.”

“ಅತ್ತಿ, ಇನ್ನೊಂದೀಟ ತಡೀರಿ. ಬಾಡಿ ಕಟ್ಟಾಕತ್ತಾರ.”

“ತಡದೇನಿ. ಕಬ್ಬು ತಡಿಯಾಕ ತಯಾರಿಲ್ಲ. ತುರಾಯಿ ಬಿಟ್ಟು ಬೆಳ್ಳಗಾಗೈತಿ. ರಸ ಹೋಗಿ ಬೆಂಡಾಗಾಕತ್ತೈತಿ. ಅದಕ್ಕ ನಿಮ್ಮ ಸುತ್ತೋಲಿ ಓದಾಕ ಬರಾಂಗಿಲ್ಲ ನೋಡ್ರಿ.”

ಒಳಬಾಗಿಲಲ್ಲಿ ಉಜ್ವಲಾ ನಿಂತಿದ್ದಳು. ಸೊರಗಿದ್ದಳು, ಅಥವಾ ಹಾಗೆ ದುಂಡೇಶನಿಗೆ ಅನಿಸಿತು. “ಚೇರಮನ್ನರಿಗೆ ಒಂದ್ ಮಾತ ಗಟ್ಟಿ ಹೇಳ್ರಿ,” ಅಂದಳು. “ಬೆಂಗಾವಲು ಬ್ಯಾಡ, ಏನೂ ಬ್ಯಾಡ, ಕಡೀತೇವಿ ಅಂತ ಹೇಳ್ರಿ. ಒಮ್ಮೆ ಹೇಳ್ರಿ ಸಾಕು.”

ಹೇಳುತ್ತೇನೆಂದು ದುಂಡೇಶ ಹೋದ. ಚೇರಮನ್ನರ ಕೋಣೆಯಲ್ಲಿ ನಿಂತ. ಬಾಯಿಯನ್ನೂ ತೆರೆದ. ಅಷ್ಟರಲ್ಲಿ ಕಾಕಾಸಾಹೇಬರು ತಲೆಯೆತ್ತಿ, “ದುಂಡೇಶಾ, ಜೀಪಿಗೆ ಸೈರನ್ ಯಾವ ದನಿದು ಹಾಕಸೂನು?” ಎಂದು ಕೇಳಿದರು. “ಹಡಗಿನ ದನಿದ ಹಾಕಸ್ರಿ ಸಾಹೇಬ್ರ” ಅಂದು ದುಂಡೇಶ ಹೊರಗೆ ಬಂದ. ಮೆಟ್ಟಿಲಿಳಿಯುವಾಗ ಅವನಿಗೆ ತನ್ನ ಮೇಲೇ ಸಿಟ್ಟು ಬಂತು. ಅದನ್ನು ಸಂಭಾಜಿಯ ಮೇಲೆ ತೀರಿಸಿಕೊಂಡ.

ಹೋಳಿ ಹುಣ್ಣಿಮೆ ಆಯಿತು. ಮಹಾರಾಷ್ಟ್ರದ ಬೀಡದ ಕಡೆಯಿಂದ ಬಂದಿದ್ದ ಕಬ್ಬು ಕಡಿಯುವ ಟೋಳಿಗಳು ಗುಡಿಸಲು ಕಿತ್ತುಕೊಂಡು ಊರಿಗೆ ಹೊರಟವು. ಹಂಗಾಮು ಮುಗಿಯಿತೆಂದು ಕಾರ್ಖಾನೆಯ ಭೋಂಗಾ ಉದ್ದಕ್ಕೆ ಊದಿತು. ಸೋನಾಬಾಯಿ ಇನ್ನು ಕಾಯಲಿಲ್ಲ. ಊರ ನಾಲ್ಕು ಹೆಣ್ಣಾಳು ಗಂಡಾಳು ಕೂಡಿಸಿ, ತಾವೂ ಕುಡುಗೋಲು ಹಿಡಿದು ಹೊಲಕ್ಕಿಳಿದು, ಬೆಂಡಾಗದೆ ಉಳಿದಷ್ಟನ್ನು ಕಡಿಸಿ ಹತ್ತಿರದ ಗಾಣಕ್ಕೆ ಹಾಕಿ ಬೆಲ್ಲ ಮಾಡಿಸಿದರು. ಉಳಿದದ್ದಕ್ಕೆ ಬೆಂಕಿ ಇಟ್ಟರು. ಅಕ್ಕೋಳ ವಲಯದ ಉಳಿದ ರೈತರೂ ಹೀಗೆಯೇ ಏನೇನೋ ಮಾಡಿಕೊಂಡರು.

ಯುಗಾದಿ ಕಳೆದ ಮೇಲೆ ಬೆಂಗಾವಲು ಜೀಪುಗಳು ಬಂದವು. ಸಾಲಾಗಿ ನಿಂತ ಪಟ್ಟೆಪಟ್ಟೆಯ ಜೀಪುಗಳಿಗೆ ಕಾಯಿ ಒಡೆದು, ಲಿಂಬೆಹಣ್ಣು ಚಕ್ರದ ಕೆಳಗಿಟ್ಟು ಪೂಜೆ ಮಾಡಿದರು. ಯಾವ ಕಡೆಗೆ ಆರತಿ ಬೆಳಗಬೇಕೆಂದು ತಿಳಿಯದೆ ಭಟ್ಟರು ಸುತ್ತಲೂ ಬೆಳಗಿದರು. ಐಗಳಿಯ ಲಗಮಣ್ಣ ಇಲ್ಲಿಯೂ ಇದ್ದ.

“ಅಲ್ರೀ ಸಾಹೇಬ್ರ, ಹಂಗಾಮ ಮುಗದ ಮ್ಯಾಲ ಬಂದಾವಲ್ರೀ?”

ಕಾಕಾಸಾಹೇಬರಿಗೆ ಈ ಪ್ರಶ್ನೆ ಬೇಕೇ ಆಗಿತ್ತು. “ಫ್ರಾನ್ಸಿನವೂ ಯುದ್ಧ ಮುಗದ ಮ್ಯಾಲ ಬಂದಾವ! ನಾವೇನ್ ಫ್ರಾನ್ಸಿನವ್ರಕಿಂತ ಶಾಣ್ಯಾರ?”

ನಾವು ಫ್ರಾನ್ಸಿನವರಿಗಿಂತ ಜಾಣರು ಎಂದು ಎದ್ದು ಹೇಳಲು ಯಾರಿಗೂ ಧೈರ್ಯವಾಗಲಿಲ್ಲ.

ಯುದ್ಧದ ನಂತರ ಫ್ರಾನ್ಸ್ ಆ ನೌಕೆಗಳನ್ನು ಸುಮ್ಮನೆ ಬಿಡದೆ ಮೀನುಗಾರರ ಮೇಲೆ ಕಣ್ಣಿಡಲು, ದೂರದ ದ್ವೀಪಗಳಿಗೆ ಹೋಗಿ ಬಾವುಟ ತೋರಿಸಿ ಬರಲು ಬಳಸಿತ್ತು. ಅದರಂತೆ ಜೀಪುಗಳಿಗೂ ಶಾಂತಿಕಾಲದ ಕರ್ತವ್ಯ ಹಂಚಲಾಯಿತು. ಒಂದು ಚೇರಮನ್ನರ ಮನೆಯವರನ್ನು ಸೋಮವಾರ ಗುಡಿಗೆ, ಗುರುವಾರ ಸಂತೆಗೆ ಒಯ್ಯತೊಡಗಿತು. ಇನ್ನೊಂದು ಕಾಗವಾಡದ ಗಡಿಯವರೆಗೆ ಹೋಗಿ, ಬಾವುಟ ತೋರಿಸಿ, ಆಚೆಯ ಹೋಟೆಲಿನಲ್ಲಿ ಮಿಸಳ ತಿಂದು ಬರುತ್ತಿತ್ತು. ಉಳಿದವು ನಿರ್ದೇಶಕರಿಗೆ ಬೆಂಗಾವಲಾದವು. ಎರಡನೇ ಮಹಾಯುದ್ಧದಲ್ಲಿ ಕೆಲವು ಹಳೆಯ ನೌಕೆಗಳನ್ನು ಶತ್ರುವಿನ ಕೈಗೆ ಸಿಗಬಾರದೆಂದು ಫ್ರಾನ್ಸಿನವರು ತಾವೇ ಮುಳುಗಿಸಿದ್ದರು ಎಂಬುದನ್ನು ಸಿದ್ದಲಿಂಗ ಅವರು ನೆನಪಿಸಿದಾಗ, ಪ್ರಯೋಗದ ಹಳೆಯ ಜೀಪನ್ನು ಬ್ಯಾಂಡಿನೊಂದಿಗೆ ಕೃಷ್ಣಾ ನದಿಗೆ ದೂಡಲಾಯಿತು. ಬೇಸಿಗೆಯಾದ್ದರಿಂದ ನೀರು ಮೊಳಕಾಲಿನವರೆಗೆ ಇತ್ತು. ಜೀಪು ಮುಳುಗಿದೆ ಎಂದು ನಡಾವಳಿಯಲ್ಲಿ ಬರೆದು ಎಲ್ಲರೂ ಮನೆಗೆ ಹೋದರು. ಅದರೊಳಗೆ ಈಗ ಎಮ್ಮೆ ಮೇಯಿಸುವವರು ಬಿಸಿಲಿಗೆ ಕೂಡುತ್ತಾರೆ.

ವರ್ಷದ ವರದಿಯನ್ನು ದುಂಡೇಶನೇ ತಯಾರಿಸಿದ. ಬೆಂಗಾವಲಿಲ್ಲದ ವಿಭಾಗಗಳಲ್ಲಿ ಕಬ್ಬು ಎಂದಿನಂತೆ ದಾರಿಯಲ್ಲಿ ಕಳವಾಗಿತ್ತು, ಗಡಿಯನ್ನೂ ದಾಟಿತ್ತು. ಅಕ್ಕೋಳ ವಲಯದಲ್ಲಿ ಮಾತ್ರ ದಾರಿಯಲ್ಲಿ ಕಳೆದದ್ದು ಒಂದು ಜಲ್ಲೆಯೂ ಇಲ್ಲ. ನೂರಕ್ಕೆ ನೂರು ಸುರಕ್ಷಿತ ಸಾಗಣೆ. ರಾಜ್ಯಮಟ್ಟದ ಒಂದು ಮಂಡಳ ಇದನ್ನು ಗಮನಿಸಿ ಪ್ರಶಸ್ತಿ ಕೊಟ್ಟಿತು. ಸಭೆಯಲ್ಲಿ ದುಂಡೇಶನಿಗೆ ಫೇಟಾ ಸುತ್ತಿ, ಶಾಲು ಹೊದಿಸಿ, ಬೆಂಗಾವಲು ಅಧಿಕಾರಿಯೆಂದು ಬಡ್ತಿ ಘೋಷಿಸಿದರು. ಕಬ್ಬು ಹೋಗದ ರೈತರ ವಿಷಯ ಬಂದಾಗ, ‘ದಾರಿಯಲ್ಲಿ ಕಳೆಯದ ಕಬ್ಬನ್ನು ಕಾರ್ಖಾನೆಗೆ ತಲುಪಿದೆ ಎಂದು ಭಾವಿಸತಕ್ಕದ್ದು’ ಎಂದು ಠರಾವು ಮಾಡಿ ಪ್ರತಿಯೊಬ್ಬರಿಗೂ ಪ್ರಮಾಣಪತ್ರ ಕೊಟ್ಟರು. ರೈತರು ಸಾಲಾಗಿ ನಿಂತು ತೆಗೆದುಕೊಂಡರು. ಚೌಕಟ್ಟು ಹಾಕಿಸಿದವರೂ ಇದ್ದಾರೆ.

ಅತ್ತೆಯ ಪ್ರಮಾಣಪತ್ರವನ್ನು ಹಿಡಿದು, ಫೇಟಾ ಬಿಚ್ಚದೆ, ಪಟ್ಟೆಯ ಜೀಪಿನಲ್ಲಿ ಸೈರನ್ ಹಾಕಿಕೊಂಡು ದುಂಡೇಶ ಅಕ್ಕೋಳಕ್ಕೆ ಹೋದ. ಉಜ್ವಲಾ ಕಾಗದ ಇಸಿದುಕೊಂಡು ಮೊದಲಿನಿಂದ ಕೊನೆಯವರೆಗೆ ಓದಿದಳು.

“ಕಬ್ಬು ಮುಟ್ಟೈತೇನ್ರಿ?”

“ಮುಟ್ಟೈತಿ ಅಂತ ಭಾವಿಸ್ಯಾರ.”

“ನೀವು?”

ದುಂಡೇಶ ತಲೆ ತಗ್ಗಿಸಿದ. “ನಾನೂ ಭಾವಿಸೀನಿ.”

ಒಂದು ಗಳಿಗೆ ಅವಳು ಅವನ ಫೇಟಾ ನೋಡಿದಳು. ಅಳುವೋ ನಗುವೋ ಬರುವ ಹಾಗಿತ್ತು, ಕೊನೆಗೆ ನಗುವೇ ಬಂತು. ಕಾಗದದ ಹಿಂದೆ ಏನೋ ಬರೆದು ಸಹಿ ಮಾಡಿ ಕೊಟ್ಟಳು. “ಹುಷಾರಾಗಿ ಹೋಗಿ ಬರ್ರಿ” ಅಂದು ಒಳಗೆ ಹೋದಳು. ಸೋನಾಬಾಯಿ ಅಳಿಯನ ಕೈಗೆ ಒಂದು ಬೆಲ್ಲದ ಪೆಂಟೆ ಇಟ್ಟರು.

ರಾಯಬಾಗದಲ್ಲಿ ಜೀಪಿನ ಸೈರನ್ ಕೇಳಿ ಪಕ್ಕದ ಮನೆಯ ಕಮಲಾಬಾಯಿ ಹೊರಗೆ ಬಂದರು. ಅವರೂ ಕಾರ್ಖಾನೆಯ ಶೇರುದಾರರೇ.

“ಉಜ್ವಲಾ ಬಂದಳೇನ್ರಿ?”

ದುಂಡೇಶ ಕಾಗದ ತೋರಿಸಿದ. ‘ನಾನು ಮನೆಗೆ ತಲುಪಿದ್ದೇನೆ ಎಂದು ಭಾವಿಸತಕ್ಕದ್ದು’ ಎಂದಿತ್ತು. ಸಹಿ ಇತ್ತು, ತಾರೀಖು ಇತ್ತು. ಕಮಲಾಬಾಯಿ ಕನ್ನಡಕ ಏರಿಸಿ ಎರಡು ಸಲ ಓದಿ ಸಮಾಧಾನಪಟ್ಟರು.

“ಛಲೋ ಆತ್ ಬಿಡ್ರಿ. ಬಂದಳಲ್ಲಾ. ನೀವ ಒಬ್ಬರ ಅದೀರಿ ಅಂತ ನನಗೂ ಚಿಂತಿ ಆಗಿತ್ತು. ನಾಳೆ ಗಿರಣಿಗೆ ಕೂಡೇ ಹೋಗೂನು ಅಂತ ಹೇಳ್ರಿ ಆಕಿಗೆ.”

“ಹೇಳ್ತೀನ್ರಿ.”

ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಹೊಸ್ತಿಲಿಗೆ ಅರಿಷಿಣ ಕುಂಕುಮ ಹಚ್ಚಿ, ಉಜ್ವಲಾ ಸೊರಗಿದ್ದಾಳೆಂದು ಒಬ್ಬರು, ಇಲ್ಲ ಮೈಕೈ ತುಂಬಿಕೊಂಡಿದ್ದಾಳೆಂದು ಇನ್ನೊಬ್ಬರು ಮಾತಾಡಿಕೊಂಡು ಹೋದರು. ದುಂಡೇಶ ಬಾಗಿಲು ಮುಂದೆ ಮಾಡಿ, ಫೇಟಾ ಬಿಚ್ಚಿಟ್ಟು, ಎರಡು ತಾಟು ಹಾಕಿದ. ಎರಡಕ್ಕೂ ಬಡಿಸಿ ಉಣ್ಣಲು ಕೂತ. ಪಲ್ಯಕ್ಕೆ ಉಪ್ಪು ವಿಪರೀತ ಹೆಚ್ಚಾಗಿತ್ತು. ಹೆಂಗಾಗೈತಿ ಎಂದು ಎದುರಿನ ತಾಟಿನ ಕಡೆ ನೋಡಿ ಕೇಳಿದ. ಯಾರೂ ಏನೂ ಅನ್ನಲಿಲ್ಲ, ಆದ್ದರಿಂದ ಚೆನ್ನಾಗಿದೆ ಎಂದು ಭಾವಿಸಿ ಉಂಡ.